ಹಾಡು ಇರುವುದು ಎಲ್ಲಿ? ಕಂಠದಲ್ಲೋ, ಕಾಗದದಲ್ಲೋ, ಪರದೆಯಲ್ಲೋ?



ಯಕ್ಷಗಾನದ ಭಾಗವತರ ಮುಂದೆ ಹಿಂದೆಲ್ಲ ಪ್ರಸಂಗದ ಪುಸ್ತಕ ಇರುತ್ತಿತ್ತು. ಈಗ ಕೆಲವೆಡೆ ಆ ಜಾಗದಲ್ಲಿ ಟ್ಯಾಬ್ಲೆಟ್ಟೋ ಮೊಬೈಲೋ ಬೆಳಗುತ್ತಿರುತ್ತದೆ. ಅದನ್ನು ಕಂಡು ಹಿರಿಯ ಪ್ರೇಕ್ಷಕರು ಮೂಗು ಮುರಿಯುವುದುಂಟು. ಭಾಗವತರಿಗೆ ಪದ್ಯ ಬಾಯಿಗೆ ಬರುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಏಕೆಂದರೆ ಪುಸ್ತಕವನ್ನೇ ಮುಟ್ಟದ ಎರಡು ಬಾಯಿಪಾಠದ ಪರಂಪರೆಗಳು ಇಲ್ಲಿ ಅಕ್ಕಪಕ್ಕದಲ್ಲೇ ಬೆಳೆದಿವೆ.

ಮೊದಲನೆಯದು ಶೃಂಗೇರಿಯ ವೇದಪಾಠ. ಗುರು ಹೇಳಿದ್ದನ್ನು ಶಿಷ್ಯ ಕೇಳಿ, ಮರಳಿ ಹೇಳಿ ಕಲಿಯುತ್ತಾನೆ. ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರದ ಪದಗಳನ್ನು ಬಿಡಿಸಿ, ಹಿಂದುಮುಂದಾಗಿ ಹೆಣೆದು ಹೇಳಿಸುವ ಕ್ರಮ ಅದು. ಒಂದು ಪದ ತಪ್ಪಿದರೂ ಹೆಣಿಗೆ ಕೆಡುತ್ತದೆ. ತಪ್ಪು ತಾನಾಗಿ ಹೊರಬೀಳುತ್ತದೆ. ನೆನಪಿಗೇ ಕಾವಲಿಟ್ಟ ವ್ಯವಸ್ಥೆ ಇದು. ಭಾರತದ ವೇದಪಠಣವನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಶ್ರೇಷ್ಠ ಮೌಖಿಕ ಪರಂಪರೆಗಳ ಸಾಲಿಗೆ ಸೇರಿಸಿತು.

ಎರಡನೆಯದು ದೀಪಾವಳಿಯ ಅಂಟಿಗೆ-ಪಂಟಿಗೆ. ಹಬ್ಬದ ರಾತ್ರಿಗಳಲ್ಲಿ ಊರಿನ ಗಂಡಸರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮುಂದಿನವರು ಸಾಲು ಎತ್ತಿಕೊಂಡರೆ ಉಳಿದವರು ದನಿಗೂಡಿಸುತ್ತಾರೆ. ಬಾಗಿಲು ತೆಗೆಸಲು ಒಂದು ಪದ, ದೀಪಕ್ಕೆ ಎಣ್ಣೆ ಎರೆಸಲು ಇನ್ನೊಂದು. ಕೈಯಲ್ಲಿ ದೀಪ, ಕಾಲಡಿಯಲ್ಲಿ ತೋಟದ ಸಂಕ, ಪುಸ್ತಕ ಹಿಡಿಯುವುದೆಲ್ಲಿ? ಆದರೆ ಈ ಪದಗಳಿಗೆ ವೇದಕ್ಕಿರುವಂಥ ಪಾಠಶಾಲೆಯೂ ಇಲ್ಲ, ಕಾವಲೂ ಇಲ್ಲ. ಪದ ಎತ್ತಿಕೊಡುವ ಹಿರಿಯರು ತೀರಿಕೊಂಡು, ದನಿಗೂಡಿಸುತ್ತಿದ್ದ ಹುಡುಗರು ಕೆಲಸಕ್ಕೆಂದು ಬೆಂಗಳೂರು ಸೇರಿದರೆ ಹಾಡು ಅಲ್ಲಿಗೆ ಮುಗಿಯಿತು.

ಯಕ್ಷಗಾನದ್ದು ಇವೆರಡಕ್ಕಿಂತ ಬೇರೆ ದಾರಿ. ಪ್ರಸಂಗಗಳು ಮೊದಲು ತಾಳೆಗರಿಯಲ್ಲಿದ್ದವು. ಮುಂದೆ ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಮೊದಲಾದ ಪ್ರಕಾಶಕರು ಅವನ್ನು ಅಚ್ಚು ಹಾಕಿಸಿದರು. ಈಗ ಅವೇ ಪುಸ್ತಕಗಳು ಅಂತರ್ಜಾಲದ ಮೂಲಕ ಪರದೆಗೆ ಬಂದಿವೆ. ತಾಳಮದ್ದಲೆಗೆ ಹೊರಟ ಭಾಗವತರು ಪುಸ್ತಕದ ಕಟ್ಟಿನ ಬದಲು ಒಂದು ಟ್ಯಾಬ್ಲೆಟ್ ಒಯ್ದರೆ ಸಾಕು. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಚಾರ್ಜು ಮುಗಿದರೆ ಮಾತ್ರ ಕಷ್ಟ.

ಆದರೆ ಪುಸ್ತಕವಾಗಲಿ ಪರದೆಯಾಗಲಿ ಹೇಳಿಕೊಡುವುದು ಎಷ್ಟು? ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರು, ಕೆಳಗೆ ಸಾಹಿತ್ಯ. ಅಷ್ಟೇ. ಪದ್ಯವನ್ನು ಎತ್ತಿಕೊಳ್ಳುವುದು ಹೇಗೆ, ಯಾವುದನ್ನು ಬಿಡಬೇಕು, ವೇಷಧಾರಿ ಕುಣಿದು ದಣಿದಾಗ ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅದರಲ್ಲಿ ಇಲ್ಲ. ಅದಕ್ಕೆ ಪ್ರಸಂಗದ ‘ನಡೆ’ ಗೊತ್ತಿರಬೇಕು. ಇಡೀ ರಾತ್ರಿಯ ಆಟವನ್ನು ಮೂರು ತಾಸಿನ ಕಾಲಮಿತಿಗೆ ಇಳಿಸುವಾಗ ಈ ತಿಳಿವಳಿಕೆ ಇನ್ನಷ್ಟು ಬೇಕು. ಪರದೆ ಸಾಹಿತ್ಯವನ್ನು ನೆನಪಿಸೀತು, ಆಟವನ್ನು ನಡೆಸದು.

ನೋಡಿ ಹಾಡುವುದು ಕೀಳು ಎಂಬ ಭಾವನೆಯೂ ಎಲ್ಲ ಕಾಲಕ್ಕೆ, ಎಲ್ಲ ದೇಶಕ್ಕೆ ಒಂದೇ ಅಲ್ಲ. ಜರ್ಮನಿಯ ಪಿಯಾನೊ ವಾದಕಿ ಕ್ಲಾರಾ (ಮುಂದೆ ಸಂಗೀತಗಾರ ಶೂಮನ್‌ರ ಪತ್ನಿ) 1837ರಲ್ಲಿ ಬರ್ಲಿನ್‌ನಲ್ಲಿ ಬೀಥೋವನ್‌ನ ಕೃತಿಯನ್ನು ಹಾಳೆ ನೋಡದೆ ನುಡಿಸಿದಾಗ, ಅದು ಅಹಂಕಾರ ಎಂಬ ಟೀಕೆ ಬಂತು! ರಷ್ಯದ ಹೆಸರಾಂತ ಪಿಯಾನೊ ವಾದಕ ರಿಕ್ಟರ್ ಕೊನೆಗಾಲದಲ್ಲಿ, ಕತ್ತಲ ಸಭಾಂಗಣದಲ್ಲಿ ಸಣ್ಣದೊಂದು ದೀಪವಿಟ್ಟುಕೊಂಡು ಹಾಳೆ ನೋಡಿಯೇ ನುಡಿಸುತ್ತಿದ್ದರು. ಅವರ ದೊಡ್ಡಸ್ತಿಕೆ ಅದರಿಂದ ಕುಗ್ಗಲಿಲ್ಲ.

ಹಾಗಾಗಿ ಪರದೆ ನೋಡುವ ಭಾಗವತರ ಮೇಲೆ ಮುನಿಸು ಬೇಡ. ಕಾಳಜಿ ಬೇಕಿರುವುದು ಹಾಳೆಯೂ ಪರದೆಯೂ ಇಲ್ಲದ ಅಂಟಿಗೆ-ಪಂಟಿಗೆಯ ಹಾಡುಗಾರರ ಬಗ್ಗೆ. ಅವರ ಪದಗಳನ್ನು ಬರೆದುಕೊಂಡರೆ ಸಾಲದು. ಬರಹಕ್ಕೆ ಧಾಟಿ ಸಿಕ್ಕುವುದಿಲ್ಲ. ಜೇಬಿನ ಮೊಬೈಲಿನಲ್ಲೇ ದನಿಸಮೇತ ಹಿಡಿದಿಡಬಹುದು. ಅದೂ ಅರ್ಧ ಕೆಲಸ ಮಾತ್ರ. ಮುಂದಿನ ದೀಪಾವಳಿಗೆ ಊರಿಗೆ ಬಂದ ಹುಡುಗರು ಆ ದೀಪದ ಹಿಂದೆ ನಾಲ್ಕು ಮನೆಯಾದರೂ ನಡೆಯಬೇಕು, ದನಿಗೂಡಿಸಬೇಕು.