ಉಸುಕಿನ ಕೊಡ, ಮುಚ್ಚಿದ ಕದ

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಸವದತ್ತಿಗೆ ಬಂದ ನಿಮಗೆಲ್ಲ ಗೊತ್ತಿರುವ ಕಥೆ ಇದು. ರೇಣುಕೆ ದಿನಾಲು ಮಲಪ್ರಭೆಯ ದಂಡೆಯಲ್ಲಿ ಹಸಿ ಉಸುಕಿನಿಂದ ಕೊಡ ಮಾಡಿ, ಹಾವನ್ನೇ ಸಿಂಬಿ ಮಾಡಿಕೊಂಡು ನೀರು ತರುತ್ತಿದ್ದಳು. ಒಂದು ದಿನ ಗಂಧರ್ವರ ಜಲಕ್ರೀಡೆ ಕಣ್ಣಿಗೆ ಬಿತ್ತು. ಮನಸ್ಸು ಅರೆಗಳಿಗೆ ಅತ್ತ ವಾಲಿತು. ಉಸುಕು ಕೊಡವಾಗಲಿಲ್ಲ, ಸಿಂಬಿ ಸರಿದುಹೋಯಿತು. ಆಮೇಲೆ ಗಂಡ ಜಮದಗ್ನಿಯ ಸಿಟ್ಟು, ಮಗ ಪರಶುರಾಮನ ಕೊಡಲಿ.

ಹೀಗೆ ವಾಲುವ ಮನಸ್ಸನ್ನು ಏನು ಮಾಡುವುದು? ಬಂದ ಆಸೆಯನ್ನು ತಿಳಿದೇ ತಡೆದರೆ ಅದು ಸಂಯಮ. ಮನೋವಿಶ್ಲೇಷಣೆಯ ಫ್ರಾಯ್ಡ್ ಹೇಳಿದ ದಮನದಲ್ಲಿ ತಡೆದ ಸಂಗತಿಯೇ ತಡೆದವರಿಗೆ ಗೊತ್ತಿರುವುದಿಲ್ಲ. ಒಪ್ಪಿಕೊಳ್ಳಲಾಗದ ಆಸೆ, ನಾಚಿಕೆ, ಸಿಟ್ಟು ಇವನ್ನು ಅರಿವಿನಿಂದಲೇ ಹೊರದಬ್ಬಿ ಮನಸ್ಸು ತನ್ನನ್ನು ಕಾಪಾಡಿಕೊಳ್ಳುತ್ತದೆ. 1909ರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಡುವಾಗ ಅವರು ಎದುರಿನ ಸಭೆಯನ್ನೇ ಉದಾಹರಣೆಗೆ ತೆಗೆದುಕೊಂಡರು. ಗದ್ದಲ ಮಾಡುವವನನ್ನು ಹೊರಹಾಕಿ, ಕದಕ್ಕೆ ಕುರ್ಚಿ ಒತ್ತಿಟ್ಟು ಕೂತಿರೆನ್ನಿ. ಅವನು ಹೊರಗಿನಿಂದ ಕದ ಬಡಿಯತೊಡಗಿದರೆ ಉಪನ್ಯಾಸ ಮತ್ತಷ್ಟು ಕೆಡುತ್ತದೆ. ಆ ಬಡಿತವೇ ರೋಗಲಕ್ಷಣ. ಏಟಿಲ್ಲದೆ ಕೈ ಸೆಟೆಯುವುದು, ಇದ್ದಕ್ಕಿದ್ದಂತೆ ಮಾತು ನಿಲ್ಲುವುದು, ಮೂರ್ಛೆ.

ನನ್ನ ಮಟ್ಟಿಗೆ, ರೇಣುಕೆ ಏನನ್ನೂ ದಮನಿಸಲಿಲ್ಲ. ಆ ಗಳಿಗೆ ನಡೆಯಲೇ ಇಲ್ಲವೆಂಬಂತೆ ಅಳಿಸಹೊರಟವನು ಜಮದಗ್ನಿ. ಅಳಿಸಲಾಗಲಿಲ್ಲ. ತಲೆ ಕಡಿಸಿಕೊಂಡ ತಾಯಿಯೇ ಎಲ್ಲಮ್ಮನಾಗಿ ಗುಡ್ಡದ ಮೇಲೆ ನಿಂತಳು. ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಉಧೋ ಉಧೋ ಎನ್ನುತ್ತ ಬರುವುದು ಅವಳಿಗಾಗಿ.

ಅವಳ ಹೆಸರಿನಲ್ಲೇ, ಕೂದಲು ಜಡೆಗಟ್ಟಿದರೆ ದೇವಿಯ ಕರೆಯೆಂದು ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟದ್ದೂ ಉಂಟು. ರಾಜ್ಯದ 1982ರ ಕಾಯ್ದೆ ಅದನ್ನು ನಿಷೇಧಿಸಿತು. ಬಾಚದೆ ತೊಳೆಯದೆ ಬಿಟ್ಟರೆ ಯಾರ ಕೂದಲೂ ಗಂಟಾಗುತ್ತದೆ. ಆದರೆ ಶ್ರೀಲಂಕಾದ ಮಾನವಶಾಸ್ತ್ರಜ್ಞ ಗಣನಾಥ ಒಬೆಯೆಸೇಕರ ಅಲ್ಲಿನ ಯಾತ್ರಾಸ್ಥಳ ಕತರಗಾಮದ ಜಡೆಯ ಹೆಂಗಸರ ಬದುಕನ್ನು ಕೂತು ಕೇಳಿದರು. ಒಂದೊಂದು ಜಡೆಯ ಹಿಂದೆಯೂ ಅವರವರದೇ ಸಂಕಟ ಕಂಡು 1981ರಲ್ಲಿ ಪುಸ್ತಕ ಬರೆದರು. ಕೇಳಿದ್ದು ದೊಡ್ಡದು ಎನ್ನುತ್ತೇನೆ.

ಫ್ರಾಯ್ಡ್ ಹೇಳಿದ್ದೆಲ್ಲ ಇಂದು ಒಪ್ಪಿತವಲ್ಲ. ಕಹಿ ಘಟನೆ ಮರೆತುಹೋಗುವುದಕ್ಕಿಂತ ಬಿಡದೆ ಕಾಡುವುದೇ ಹೆಚ್ಚು. ಕೆದಕಿ ಕೆದಕಿ ಕೇಳಿದರೆ ನಡೆಯದ್ದೂ ನೆನಪಾಗಿ ಕೂತೀತು.

ಆದರೂ ಮೈಮೇಲೆ ದೇವರು ಬರುವುದು ಅಂಥದೇ ಕದ ಬಡಿತ ಇದ್ದೀತು. ಆದ್ದರಿಂದ ಮನೆಯ ಸೊಸೆಯ ಮೈಮೇಲೆ ದೇವರು ಬಂದರೆ ‘ನಾಟಕ ಮಾಡ್ತಾಳ’ ಅನ್ನಬೇಡಿ. ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೀರಾದರೆ ಹೋಗಿಬನ್ನಿ. ಆಮೇಲೆ ಅವಳು ತಾನಾಗಿ ಹೇಳಿದಷ್ಟನ್ನು ಕೇಳಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೂ ಕರೆದೊಯ್ಯಿರಿ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.