ಕೈಮರ ತೋರುವ ದಾರಿ



ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೊರಟರೆ, ಊರು ಸಮೀಪಿಸುವಾಗ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆ ಸಿಗುತ್ತದೆ. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ, ದಾರಿ ತೋರುವ ಕಂಬ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೇರಿದ ಈ ಪ್ರದೇಶದ ಅಭಿವೃದ್ಧಿ ಯಾವ ದಾರಿ ಹಿಡಿಯಬೇಕು? ಸ್ವಲ್ಪ ಯೋಚಿಸೋಣ.

ಕೃಷ್ಣರಾಜನಗರಕ್ಕೆ ಕಾವೇರಿಯ ನಾಲೆಗಳಿವೆ, ಭತ್ತವಿದೆ, ರೈಲಿದೆ. ಕೋಟೆಗೆ ರೈಲಿಲ್ಲ. 1974ರಲ್ಲಿ ಬೀಚನಹಳ್ಳಿಯಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಸುಮಾರು 19.5 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಅದರ ಹೆಚ್ಚಿನ ಪಾಲು ಹರಿಯುವುದು ಕೆಳಗಿನ ತಾಲ್ಲೂಕುಗಳಿಗೆ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ರಾಜ್ಯದ 175 ತಾಲ್ಲೂಕುಗಳಲ್ಲಿ ಹಿಂದುಳಿದವೆಂದು ಗುರುತಿಸಿದ 114ರಲ್ಲಿ ಕೋಟೆಯೂ ಒಂದಾಗಿತ್ತು.

ಮಳೆಯಾಶ್ರಿತ ಹೊಲಗಳಿಗೆ ಇಲ್ಲಿ ನಗದು ತಂದ ಬೆಳೆ ವರ್ಜೀನಿಯಾ ಹೊಗೆಸೊಪ್ಪು. ಇದಕ್ಕೆ ಮಣ್ಣಿನ ಗುಣ ಮಾತ್ರ ಕಾರಣವಲ್ಲ, ವ್ಯವಸ್ಥೆಯೂ ಕಾರಣ. ತಂಬಾಕು ಮಂಡಳಿಯಲ್ಲಿ ಬೆಳೆಗಾರನ ನೋಂದಣಿಯಾಗುತ್ತದೆ. ಬ್ಯಾರನ್‌ಗೆ ಪರವಾನಗಿ ಸಿಗುತ್ತದೆ. ಎಷ್ಟು ಬೆಳೆಯಬೇಕೆಂಬುದು ಮೊದಲೇ ನಿಗದಿಯಾಗುತ್ತದೆ. ಕಂಪಲಾಪುರ, ಕಟ್ಟೆಮಳಲವಾಡಿಯಂಥ ಹತ್ತಿರದ ಕಡೆಗಳಲ್ಲೇ ಹರಾಜು ನಡೆಯುತ್ತದೆ. ರಾಗಿಗಾಗಲಿ, ಹತ್ತಿಗಾಗಲಿ, ಶುಂಠಿಗಾಗಲಿ ಇಂಥ ಅಚ್ಚುಕಟ್ಟು ಎಲ್ಲಿದೆ?

ಹೊಗೆಸೊಪ್ಪು ಬೇಯಿಸಲು ಸೌದೆ ಬೇಕು. ಪಕ್ಕದಲ್ಲೇ ನಾಗರಹೊಳೆಯ ಕಾಡಿದೆ. ತಂಬಾಕಿನ ಬಳಕೆ ತಗ್ಗಿಸುವ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದಕ್ಕೆ ಭಾರತ 2004ರಲ್ಲೇ ಸಮ್ಮತಿ ನೀಡಿದೆ. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬುದೂ ಆ ಒಪ್ಪಂದದ ಮಾತೇ. ಆದರೆ ‘ಹೊಗೆಸೊಪ್ಪು ಬಿಡಿ’ ಎಂದು ಬರಿಗೈಯಲ್ಲಿ ಹೇಳಿದರೆ ರೈತ ಕೇಳುವನೇ? ಮಗಳ ಮದುವೆ, ಮಗನ ಕಾಲೇಜು, ಹಳೆಯ ಸಾಲ ಎಲ್ಲವೂ ಆ ಹರಾಜಿನ ಹಣವನ್ನೇ ಕಾಯುತ್ತಿರುತ್ತವೆ.

ಆದ್ದರಿಂದ ಯೋಜನೆ ಹೊಸ ಬೆಳೆಯ ಹೆಸರು ಹೇಳಿ ಸುಮ್ಮನಾಗಬಾರದು. ನೋಂದಣಿ, ಸಾಲ, ಸಂಸ್ಕರಣೆ, ಸಮೀಪದ ಮಾರುಕಟ್ಟೆ, ಇಷ್ಟನ್ನೂ ಬದಲಿ ಬೆಳೆಗಳಿಗೆ ಒಟ್ಟಿಗೇ ಒದಗಿಸಬೇಕು. ಸರಗೂರು, ಸಾಲಿಗ್ರಾಮ ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಕಚೇರಿಗಳು ಹೆಚ್ಚಲಿ, ಸಂತೋಷ. ಆದರೆ ನೀರು, ಕಾಡು, ಸಂತೆಗಳು ತಾಲ್ಲೂಕಿನ ಗಡಿ ನೋಡಿ ನಿಲ್ಲುವುದಿಲ್ಲ. ಇಡೀ ಪ್ರದೇಶವನ್ನು ಒಂದಾಗಿ ಕಂಡು ಯೋಜಿಸಬೇಕು. ಕಾಡಂಚಿನ ಜೇನುಕುರುಬರ, ಯರವರ ಹಾಡಿಗಳನ್ನು ಆ ಲೆಕ್ಕದಿಂದ ಹೊರಗಿಡಬಾರದು.

ಕೈಮರ ದಾರಿ ತೋರಿಸೀತು, ನಡೆಯಬೇಕಾದವರು ನಾವೇ. ನಿಮ್ಮ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿ.