ಒಂದು ಬಟನ್, ಹತ್ತು ಫ್ಲ್ಯಾಗ್

ಇವತ್ತು ಮಾತಾಡೋದು ಒಂದು ಬಟನ್ ಬಗ್ಗೆ. ನಾನೇ ಬರೆದು, ನಾನೇ ಕೆಡಿಸಿದ ಬಟನ್.

ಪುಣೆಯ ಹಿಂಜವಡಿಯಲ್ಲಿ ನನ್ನ ಹಿಂದಿನ ಕಂಪನಿ. ಎಲ್ಲ ಟೀಮ್‌ಗಳೂ ಬಳಸೋ ರಿಯಾಕ್ಟ್ ಬಟನ್ ಕಾಂಪೊನೆಂಟ್ ನನ್ನ ಜವಾಬ್ದಾರಿ. ಮೊದಲು ಎರಡೇ ಪ್ರಾಪ್ ಇತ್ತು: ಬಟನ್ ಮೇಲೆ ಏನು ಬರೆದಿರಬೇಕು, ಒತ್ತಿದ್ರೆ ಏನಾಗಬೇಕು. ಆಮೇಲೆ ಸ್ಪ್ರಿಂಟಿಗೊಬ್ಬರು ಬಂದು "ಒಂದು ಸಣ್ಣ ಫ್ಲ್ಯಾಗ್ ಸೇರಿಸಿಬಿಡಿ" ಅನ್ನೋರು. ನಾನೂ ಇಲ್ಲ ಅನ್ನಲಿಲ್ಲ. ಈಸ್‌ಪ್ರೈಮರಿ, ಈಸ್‌ಡೇಂಜರ್, ಈಸ್‌ಸ್ಮಾಲ್... ವರ್ಷದೊಳಗೆ ಹತ್ತಾಯ್ತು.

ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದ ಸಹೋದ್ಯೋಗಿ ಒಂದಿನ ಕೇಳಿದ್ರು: "ಸರ್, ಪ್ರೈಮರಿ, ಡೇಂಜರ್ ಎರಡೂ ಟ್ರೂ ಕೊಟ್ರ ಯಾವ ಬಣ್ಣ ಬರ್ತದ್ರೀ?" ನನಗೇ ಗೊತ್ತಿರಲಿಲ್ಲ. "ಹಾಗೆ ಯಾರೂ ಕೊಡಲ್ಲ ಬಿಡಿ" ಅಂದೆ.

ಯಾರೋ ಕೊಟ್ರು. ಡಿಲೀಟ್ ಬಟನ್ ಸೇವ್ ಬಟನ್ ಥರಾನೇ ನೀಲಿಯಾಗಿ ಪ್ರೊಡಕ್ಷನ್‌ಗೆ ಹೋಯ್ತು. ಗ್ರಾಹಕರೊಬ್ಬರು ಸೇವ್ ಅಂದ್ಕೊಂಡು ಒತ್ತಿದ್ರು. ಬ್ಯಾಕಪ್‌ನಿಂದ ಡೇಟಾ ವಾಪಸ್ ತರೋಷ್ಟರಲ್ಲಿ ಬೆಳಗಾಗಿತ್ತು.

ಲೆಕ್ಕ ನೋಡಿ. ಒಂದು ಬೂಲಿಯನ್‌ಗೆ ಎರಡು ಸ್ಥಿತಿ. 10 ಬೂಲಿಯನ್ ಅಂದ್ರೆ 1024 ಥರದ ಬಟನ್. ನಮ್ಮ ಡಿಸೈನರ್ ಬರೆದುಕೊಟ್ಟಿದ್ದು ಆರು ಮಾತ್ರ. ಉಳಿದವನ್ನು ಯಾರೂ ಕೇಳಿರಲಿಲ್ಲ, ಯಾರೂ ಟೆಸ್ಟ್ ಮಾಡಿರಲಿಲ್ಲ. ಆದ್ರೆ ಬಾಗಿಲು ತೆರೆದಿಟ್ಟಿದ್ದು ನಾನೇ.

ಆಮೇಲೆ ಏನು ಬದಲಾಯಿಸಿದ್ವಿ?

ಒಂದು, ಒಟ್ಟಿಗೆ ಇರಬಾರದ ಆಯ್ಕೆಗಳಿಗೆಲ್ಲ ಒಂದೇ ಪ್ರಾಪ್. ವೇರಿಯಂಟ್ ಅಂತ ಹೆಸರು. ಬೆಲೆ ಪ್ರೈಮರಿ, ಸೆಕೆಂಡರಿ ಅಥವಾ ಡೇಂಜರ್. ಟೈಪ್‌ಸ್ಕ್ರಿಪ್ಟ್‌ನಲ್ಲಿ ಇದನ್ನು ಯೂನಿಯನ್ ಟೈಪ್ ಮಾಡಿದ್ರೆ, ತಪ್ಪು ಬೆಲೆ ಕೊಟ್ಟ ಕೂಡಲೇ ಎಡಿಟರ್‌ನಲ್ಲೇ ಕೆಂಪು ಗೆರೆ ಬರುತ್ತೆ. ಎರಡು ಬಣ್ಣ ಒಟ್ಟಿಗೆ ಕೇಳೋಕೆ ದಾರಿಯೇ ಇಲ್ಲ.

ಎರಡು, ಒಳಗೆ ಏನಿರಬೇಕು ಅನ್ನೋದಕ್ಕೆ ಪ್ರಾಪ್ ಬೇಡ. ಎಡಗಡೆ ಐಕಾನ್, ಬಲಗಡೆ ಐಕಾನ್, ಬ್ಯಾಡ್ಜ್ ಅಂತ ಸೇರಿಸ್ತಾ ಹೋದ್ರೆ ಮುಗಿಯೋದೇ ಇಲ್ಲ. ಎಚ್‌ಟಿಎಂಎಲ್‌ನ ಸೆಲೆಕ್ಟ್ ನೋಡಿ, ಆಪ್ಷನ್‌ಗಳನ್ನು ಅದರ ಒಳಗೇ ಬರೀತೀವಿ. ಹಾಗೇ ಚಿಲ್ಡ್ರನ್ ಆಗಿ ಒಳಗೆ ಇಡಲಿ.

ಮೂರು, ಏನೂ ಹೇಳದಿದ್ದಾಗ ಅಪಾಯ ಇಲ್ಲದ್ದೇ ಆಗಬೇಕು. ಎಚ್‌ಟಿಎಂಎಲ್‌ನಲ್ಲಿ ಫಾರ್ಮ್ ಒಳಗಿನ ಬಟನ್‌ಗೆ ಟೈಪ್ ಕೊಡದಿದ್ರೆ ಅದು ಸಬ್‌ಮಿಟ್ ಬಟನ್. ಕ್ಯಾನ್ಸಲ್ ಒತ್ತಿದ್ರೂ ಫಾರ್ಮ್ ಹೋಗಿಬಿಡುತ್ತೆ! ನಮ್ಮ ಕಾಂಪೊನೆಂಟ್‌ನಲ್ಲಿ ಡೀಫಾಲ್ಟ್ ಟೈಪ್ 'ಬಟನ್' ಅಂತಲೇ ಇಟ್ವಿ.

ಹಳೇ ಫ್ಲ್ಯಾಗ್‌ಗಳನ್ನ ಒಂದೇ ಸಲ ಕಿತ್ತುಹಾಕಲಿಲ್ಲ. ಹಾಗೆ ಮಾಡಿದ್ರೆ ಎಲ್ಲ ಟೀಮ್‌ಗಳ ಬಿಲ್ಡ್ ಒಡೀತಿತ್ತು. ಹಳೇದನ್ನು ಹೊಸ ವೇರಿಯಂಟ್‌ಗೆ ಬದಲಿಸೋ ಒಂದು ಫಂಕ್ಷನ್ ಬರೆದ್ವಿ. ಎರಡೂ ಟ್ರೂ ಬಂದ್ರೆ ಡೇಂಜರ್‌ಗೇ ಗೆಲುವು. ಡೆವಲಪ್‌ಮೆಂಟ್‌ನಲ್ಲಿ ಕನ್ಸೋಲ್ ವಾರ್ನಿಂಗ್ ಬರೋ ಹಾಗೆ ಮಾಡಿ, ಸ್ಕ್ರೀನ್ ಸ್ಕ್ರೀನಾಗಿ ತೆಗೆದ್ವಿ.

ಈಗ ಯಾರಾದ್ರೂ "ಒಂದು ಸಣ್ಣ ಫ್ಲ್ಯಾಗ್" ಅಂದ್ರೆ ನಾನು ಹುಬ್ಬಳ್ಳಿಯ ಪ್ರಶ್ನೆನೇ ಕೇಳ್ತೀನಿ: ಈಗಾಗಲೇ ಇರೋದ್ರ ಜೊತೆ ಇದೂ ಟ್ರೂ ಆದ್ರೆ ಏನಾಗಬೇಕು? ಉತ್ತರ ಇಲ್ಲ ಅಂದ್ರೆ ಫ್ಲ್ಯಾಗೂ ಇಲ್ಲ.

ನಾಳೆ ಆಫೀಸಲ್ಲಿ ನಿಮ್ಮ ಬಟನ್ ಫೈಲ್ ತೆಗೆದು ಬೂಲಿಯನ್ ಎಷ್ಟಿದೆ ಅಂತ ಎಣಿಸಿ ನೋಡಿ.